ಎಸ್ಸೆಸ್ಸೆಲ್ಸಿ ಹುಡುಗ ರಾತ್ರಿ ಮಲಗಲ್ಲ, ಬೆಳಗ್ಗೆ ಏಳಲ್ಲ. ಎಲ್ಲಿಂದ ಶುರು ಮಾಡೋದು?

ಬಣಕಲ್ ಅಮ್ಮ

ನಮ್ಮದು ಮೂಡಿಗೆರೆ ತಾಲ್ಲೂಕು. ಮಗನಿಗೆ 15, ಈ ವರ್ಷ ಎಸ್ಸೆಸ್ಸೆಲ್ಸಿ. ಮನೆಯ ಜಗಳ ಬರೆದು ಯಾರಿಗೂ ಉಪಯೋಗವಿಲ್ಲ ಅಂತ ಒಂದು ವಾರ ಗಡಿಯಾರ ನೋಡಿ ಗುರುತು ಹಾಕಿಕೊಂಡಿದ್ದೆ, ಅದನ್ನೇ ಹಾಕುತ್ತಿದ್ದೇನೆ.

ಮೊದಲ ಸಲ ಕರೆಯುವುದು 6:15ಕ್ಕೆ, ಏಳುವುದು 6:50ಕ್ಕೆ. 7:25ಕ್ಕೆ ಬಸ್ಸು. ವಾರದಲ್ಲಿ ನಾಲ್ಕು ದಿನ ತಿಂಡಿ ತಟ್ಟೆಯಲ್ಲೇ ಉಳಿಯುತ್ತೆ, ಒಂದು ಲೋಟ ಕಾಫಿ ಕುಡಿದು ಓಡುತ್ತಾನೆ. ಸ್ಪೆಷಲ್ ಕ್ಲಾಸ್ ಮುಗಿಸಿ ಮನೆ ಮುಟ್ಟುವುದು ಸಂಜೆ 5:30. ಬಂದವನೇ ಇನ್ನೊಂದು ದೊಡ್ಡ ಲೋಟ ಕಾಫಿ, ಜೊತೆಗೆ ಕುರುಕಲು, ಆಮೇಲೆ ಮಂಚದ ಮೇಲೆ ಬಿದ್ದರೆ ಏಳುವಾಗ 7:10. ಓದು 7:30ರಿಂದ 9. ಊಟ 9:15. ಹತ್ತಕ್ಕೆ ಪುಸ್ತಕ ಹಿಡಿದು ಮತ್ತೆ ರೂಮಿಗೆ, ನಿದ್ದೆ ಬರಬಾರದು ಅಂತ ಅರ್ಧ ಲೋಟ ಕಾಫಿ. ಲೈಟ್ ಆರುವುದು 12:45. ಆ ಹೊತ್ತಿನಲ್ಲಿ ಪುಸ್ತಕ ಎಷ್ಟು, ಫೋನ್ ಎಷ್ಟು ಅಂತ ಲೆಕ್ಕ ಸಿಕ್ಕಿಲ್ಲ. ಭಾನುವಾರ ಏಳುವುದು 11ಕ್ಕೆ.

ನನ್ನ ಪ್ರಶ್ನೆ ಮೂರು. ಫೋನ್ ಪೂರ್ತಿ ಕಿತ್ತು ಇಟ್ಟುಕೊಳ್ಳಬೇಕಾ? ಕ್ಲಾಸಿನ ನೋಟ್ಸ್ ಎಲ್ಲಾ ವಾಟ್ಸಾಪ್ ಗ್ರೂಪಿಗೇ ಬರುತ್ತೆ. ಬೆಳಗಿನ ಜಾವ ಐದಕ್ಕೆ ಎಬ್ಬಿಸಿ ಓದಿಸು ಅಂತ ಮನೆಯ ಹಿರಿಯರು ಹೇಳುತ್ತಿದ್ದಾರೆ, ಅದು ಸರಿಯಾ? ಕಾಫಿ ನಮ್ಮದೇ ತೋಟದ ರೋಬಸ್ಟಾ, ಚಿಕೋರಿ ಹಾಕದ ಪುಡಿ. ಇದರಿಂದ ತೊಂದರೆ ಇದೆಯಾ?

ಹಾಸನದ ಮೇಷ್ಟ್ರು

ಗಡಿಯಾರ ನೋಡಿ ಬರೆದದ್ದು ಒಳ್ಳೆಯದಾಯಿತು ಮೇಡಂ, ಅರ್ಧ ಉತ್ತರ ಅದರಲ್ಲೇ ಇದೆ. ಮೊದಲು ಕೂಡಿಸಿ. ರಾತ್ರಿ 12:45ರಿಂದ 6:50, ಆರು ಗಂಟೆ. ಸಂಜೆ 5:45ರಿಂದ 7:10, ಹತ್ತಿರ ಹತ್ತಿರ ಒಂದೂವರೆ. ಒಟ್ಟು ಏಳೂವರೆ. 13ರಿಂದ 18ರ ವಯಸ್ಸಿಗೆ ಬೇಕಾದದ್ದು 8ರಿಂದ 10 ಗಂಟೆ. ಅಂದರೆ ಕೊರತೆ ಇದೆ, ಆದರೆ ನೀವು ಹೆದರಿದಷ್ಟಿಲ್ಲ. ದೊಡ್ಡ ತೊಂದರೆ ಏನೆಂದರೆ ನಿದ್ದೆ ಎರಡು ತುಂಡಾಗಿ, ಒಂದು ತುಂಡು ಸಂಜೆಗೆ ಬಂದು ಕೂತಿದೆ. ಅದನ್ನು ಎತ್ತಿ ರಾತ್ರಿಗೆ ಹಾಕುವುದೇ ಕೆಲಸ. ಫೋನಿನ ಪಂಚಾಯಿತಿ ಆಮೇಲೆ ನೋಡೋಣ.

ನಿದ್ದೆ ಹಸಿವಿನ ಹಾಗೆ. ಎಚ್ಚರವಿದ್ದಷ್ಟು ಹೊತ್ತು ಕೂಡುತ್ತಾ ಹೋಗುತ್ತೆ. ಸಂಜೆ ಆರಕ್ಕೆ ಹೊಟ್ಟೆ ತುಂಬಾ ಮುದ್ದೆ ಉಂಡವನನ್ನು ಒಂಬತ್ತಕ್ಕೆ ಮತ್ತೆ ಎಲೆ ಮುಂದೆ ಕೂರಿಸಿದರೆ ತಿಂತಾನಾ? 7:10ಕ್ಕೆ ಎದ್ದವನಿಗೆ ಹತ್ತಕ್ಕೆ ನಿದ್ದೆ ಬಾ ಅಂದರೂ ಬರಲ್ಲ. ಇದರ ಮೇಲೆ ವಯಸ್ಸಿನ ಕಾಟ ಬೇರೆ. ಪ್ರಾಯಕ್ಕೆ ಬರುವಾಗ ಮೆಲಟೋನಿನ್ ಅನ್ನುವ ನಿದ್ದೆಯ ಹಾರ್ಮೋನು ಚಿಕ್ಕಂದಿಗಿಂತ ಒಂದರಿಂದ ಎರಡು ಗಂಟೆ ತಡವಾಗಿ ಏರಲು ಶುರುವಾಗುತ್ತೆ. ಐದನೇ ಕ್ಲಾಸಿನಲ್ಲಿ ಒಂಬತ್ತಕ್ಕೆ ತೂಕಡಿಸುತ್ತಿದ್ದ ಮಗು ಹತ್ತನೇ ಕ್ಲಾಸಿಗೆ ಬರುವಾಗ ಹತ್ತೂವರೆ ಆದರೂ ಕಣ್ಣು ಬಿಟ್ಟುಕೊಂಡಿರುವುದು ಹಟದಿಂದಲ್ಲ.

ಆದ್ದರಿಂದ ಮಲಗುವ ಹೊತ್ತನ್ನು ಹಿಡಿಯಲು ಹೋಗಬೇಡಿ, ಅದು ಕೈಗೆ ಸಿಗಲ್ಲ. ಹಿಡಿಯಬೇಕಾದದ್ದು ಏಳುವ ಹೊತ್ತು. 6:15 ಅಂದರೆ ವಾರದ ಆರು ದಿನವೂ 6:15, ಭಾನುವಾರ ಹೆಚ್ಚೆಂದರೆ 7:15. ಭಾನುವಾರ 11ರ ತನಕ ಮಲಗಿದ ದಿನ ರಾತ್ರಿ ಒಂದಕ್ಕೆ ಮೊದಲು ನಿದ್ದೆ ಬರಲ್ಲ, ಸೋಮವಾರ ಬೆಳಗಿನ ಜಗಳಕ್ಕೆ ಅಲ್ಲೇ ಬೀಜ ಬಿದ್ದಿರುತ್ತೆ.

ಏಳುವ ಹೊತ್ತು ಗಟ್ಟಿ ಮಾಡಿ, ಸಂಜೆಯ ನಿದ್ದೆ ಕತ್ತರಿಸಿ. ಎರಡೂ ಒಂದೇ ದಿನ ಶುರುವಾಗಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಕೆಡುತ್ತೆ: ಬೇಗ ಎಬ್ಬಿಸಿ ಸಂಜೆ ಮಲಗಲು ಬಿಟ್ಟರೆ ಸಂಜೆ ನಿದ್ದೆ ಎರಡು ಗಂಟೆಗೆ ಬೆಳೆಯುತ್ತೆ, ಅಷ್ಟೇ. ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಹುಡುಗ ಸಿಡಿಸಿಡಿ ಅನ್ನುತ್ತಾನೆ, ಕ್ಲಾಸಿನಲ್ಲೂ ತೂಕಡಿಸಬಹುದು. ಪಾಪ ಮಲಗಲಿ ಬಿಡು ಅಂತ ಮನೆಯವರು ಸೋಲುವುದೂ ಸಾಮಾನ್ಯವಾಗಿ ಮೂರನೇ ದಿನವೇ. ಸೋತರೆ ಮತ್ತೆ ಒಂದನೇ ದಿನದಿಂದ ಎಣಿಸಬೇಕು. ಕ್ಲಾಸ್ ಟೀಚರಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಅಲ್ಲಿಂದ ದೂರು ಬರುವುದು ತಪ್ಪುತ್ತೆ.

ಐದಾರು ದಿನಕ್ಕೆ ಒಂಬತ್ತೂವರೆ, ಹತ್ತಕ್ಕೆ ಕಣ್ಣು ಎಳೆಯಲು ಶುರುವಾಗುತ್ತೆ. ಆಗ ಮಲಗುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. 10ಕ್ಕೆ ಮಲಗಿ 6:15ಕ್ಕೆ ಎದ್ದರೆ ಎಂಟು ಕಾಲು ಗಂಟೆ, ಸಾಕು. ಹಾಸಿಗೆ ಮೇಲೆ 20 ನಿಮಿಷ ಹೊರಳಾಡಿಯೂ ನಿದ್ದೆ ಬರದಿದ್ದರೆ ಎದ್ದು ಮಂಕು ಬೆಳಕಲ್ಲಿ ಕೂತು ಏನಾದರೂ ಓದಲಿ, ನಿದ್ದೆ ಎಳೆದಾಗ ಮತ್ತೆ ಹೋಗಲಿ. ಮಲಗಿಕೊಂಡೇ ಒದ್ದಾಡುವುದು ಅಭ್ಯಾಸವಾದರೆ ಹಾಸಿಗೆ ಕಂಡರೆ ಎಚ್ಚರವಾಗುವ ಹೊಸ ಕಾಯಿಲೆ.

ಎಬ್ಬಿಸುವ ರೀತಿಯ ಬಗ್ಗೆಯೂ ಹೇಳಬೇಕು. ಅಡುಗೆಮನೆಯಿಂದ ಐದು ಸಲ ಕೂಗುವ ಬದಲು ಒಂದೇ ಸಲ ಹೋಗಿ ಕಿಟಕಿ ತೆಗೆದು, ಟ್ಯೂಬ್‌ಲೈಟ್ ಹಾಕಿ, ಎದ್ದು ಕೂರುವ ತನಕ ಅಲ್ಲೇ ನಿಂತಿರಿ. ಎರಡು ನಿಮಿಷದ ಕೆಲಸ. ಆಮೇಲೆ ಹಲ್ಲುಜ್ಜುವ ಬ್ರಷ್ ಕೈಗೆ ಕೊಟ್ಟು ಅಂಗಳಕ್ಕೆ ಕಳಿಸಿ. ಮೋಡ ಮುಸುಕಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಾಲು ಹೆಚ್ಚು, ಹತ್ತು ನಿಮಿಷ ಕಣ್ಣಿಗೆ ಬಿದ್ದರೆ ಒಳಗಿನ ಗಡಿಯಾರ ಮುಂದಕ್ಕೆ ಸರಿದು ರಾತ್ರಿ ನಿದ್ದೆ ಬೇಗ ಬರುತ್ತೆ. ಜೂನ್‌ನಲ್ಲಿ ನಮ್ಮ ಕಡೆ ಆರರ ಸುಮಾರಿಗೆ ಸೂರ್ಯೋದಯ, ಹಾಗಾಗಿ ಸುಲಭ. ಜನವರಿಯಲ್ಲಿ 6:50ರ ಹತ್ತಿರ ಹೋಗುತ್ತೆ, ಆಗ ಏಳುವಾಗ ಕತ್ತಲೆ. ಆ ದಿನಗಳಲ್ಲಿ ಬಸ್ಸಿಗೆ ಕಾಯುವ ಹತ್ತು ನಿಮಿಷವನ್ನೇ ಬೆಳಕಿನ ಲೆಕ್ಕಕ್ಕೆ ಹಿಡಿಯಿರಿ, ತಂಗುದಾಣದ ಮೂಲೆಯಲ್ಲಿ ಕೂರದೆ ಹೊರಗೆ ನಿಲ್ಲಲಿ.

ಎದ್ದ ಮೊದಲ 15ರಿಂದ 30 ನಿಮಿಷ ಮಿದುಳು ಇನ್ನೂ ಅರ್ಧ ನಿದ್ದೆಯಲ್ಲೇ ಇರುತ್ತೆ. ಟೆಸ್ಟಿನ ಮಾರ್ಕ್ಸ್, ಪಕ್ಕದ ಮನೆ ಹುಡುಗ, ನಿನ್ನೆ ರಾತ್ರಿಯ ಫೋನ್, ಈ ಮೂರನ್ನೂ ಆ ಹೊತ್ತಲ್ಲಿ ಎತ್ತಬೇಡಿ.

ಚಿಕ್ಕಮಗಳೂರು ಡಿಕಾಕ್ಷನ್

ಮೂರನೇ ಪ್ರಶ್ನೆ ನನಗಿರಲಿ. ಬಾಬಾಬುಡನ್‌ಗಿರಿ ಇರುವ ಜಿಲ್ಲೆಯಲ್ಲಿ ಕೂತು ಕಾಫಿ ಬೇಡ ಅನ್ನಲು ಧೈರ್ಯ ಬೇಕು, ಆದರೂ ಲೆಕ್ಕ ಲೆಕ್ಕವೇ.

ಕೆಫೀನ್ ಅರೇಬಿಕಾ ಬೀಜದಲ್ಲಿ ತೂಕದ ಶೇ. 1.2ರ ಆಸುಪಾಸು, ರೋಬಸ್ಟಾದಲ್ಲಿ ಶೇ. 2ಕ್ಕಿಂತ ಮೇಲೆ. ಹೆಚ್ಚುಕಮ್ಮಿ ಇಮ್ಮಡಿ. ಚಿಕೋರಿ ಬೇರಿನಲ್ಲಿ ಕೆಫೀನ್ ಇಲ್ಲವೇ ಇಲ್ಲ. ದೊಡ್ಡ ಲೋಟಕ್ಕೆ ಗಟ್ಟಿ ಡಿಕಾಕ್ಷನ್ ಇಳಿಸಲು 10 ಗ್ರಾಂ ಪುಡಿ ಹಾಕುತ್ತೀರಿ ಅಂತ ಇಟ್ಟುಕೊಳ್ಳಿ. ಬರೀ ರೋಬಸ್ಟಾ ಆದರೆ ಆ ಪುಡಿಯಲ್ಲಿ 200 ಮಿಲಿಗ್ರಾಂ ಕೆಫೀನ್. ಫಿಲ್ಟರಿನಲ್ಲಿ ಮುಕ್ಕಾಲು ಪಾಲು ಇಳಿದರೂ ಲೋಟಕ್ಕೆ 150. ಇದು ಅಂದಾಜು, ಪುಡಿ ಎಷ್ಟು ನುಣ್ಣಗಿದೆ, ನೀರು ಎಷ್ಟು ಹೊತ್ತು ನಿಂತಿತು ಅನ್ನುವುದರ ಮೇಲೆ ಏರಿಳಿಯುತ್ತೆ. ಹದಿಹರೆಯದವರಿಗೆ ದಿನಕ್ಕೆ 100 ಮಿಲಿಗ್ರಾಂ ದಾಟದಿರಲಿ ಎನ್ನುವುದು ಮಕ್ಕಳ ವೈದ್ಯರ ಸಲಹೆ. ನಿಮ್ಮ ಹುಡುಗ ಎರಡೂವರೆ ಲೋಟಕ್ಕೆ 375 ಕುಡಿಯುತ್ತಿದ್ದಾನೆ.

ಇನ್ನು ಹೊತ್ತು. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ 5:30ರ ಲೋಟದಲ್ಲಿ 75 ಮಿಲಿಗ್ರಾಂ ರಾತ್ರಿ 10:30ಕ್ಕೂ ಮೈಯಲ್ಲೇ ಇರುತ್ತೆ. ಅದರ ಮೇಲೆ ಹತ್ತು ಗಂಟೆಯ ಅರ್ಧ ಲೋಟದ 75. ಅಂದರೆ ಹತ್ತೂವರೆಗೆ ಒಂದು ಲೋಟ ಕಾಫಿ ಈಗ ತಾನೇ ಕುಡಿದವನ ಸ್ಥಿತಿ. ಸಂಜೆ ಕಾಫಿ ಕುಡಿದೂ ಮಲಗುತ್ತಾನಲ್ಲ ಅಂತ ನಿಮಗೆ ಅನ್ನಿಸಬಹುದು. ಕೆಫೀನ್ ಪೂರ್ತಿ ರಕ್ತಕ್ಕೇರಲು ಅರ್ಧದಿಂದ ಒಂದು ಗಂಟೆ ಹಿಡಿಯುತ್ತೆ, ಅಷ್ಟರಲ್ಲಿ ದಣಿದವನು ಮಲಗಿ ಆಗಿರುತ್ತೆ.

ಒಂದೇ ದಿನ ನಿಲ್ಲಿಸಬೇಡಿ. ಇಷ್ಟು ಕುಡಿಯುವವರು ಥಟ್ಟನೆ ಬಿಟ್ಟರೆ ಮಾರನೆಯ ದಿನ ತಲೆನೋವು, ಮಂಕು, ಸಿಡುಕು ಬರುತ್ತೆ. ಒಂದು ವಾರದ ತನಕವೂ ಇರಬಹುದು. ಮೇಷ್ಟ್ರು ಹೇಳಿದ ಎರಡು ಬದಲಾವಣೆಯ ಜೊತೆಗೆ ಇದೂ ಸೇರಿದರೆ ಹುಡುಗ ಎಲ್ಲವನ್ನೂ ಒದ್ದು ಹೋಗುತ್ತಾನೆ. ಮೊದಲು ಹತ್ತು ಗಂಟೆಯ ಅರ್ಧ ಲೋಟ ನಿಲ್ಲಲಿ. ಮೂರು ನಾಲ್ಕು ದಿನ ಬಿಟ್ಟು ಸಂಜೆಯದ್ದಕ್ಕೆ ಎರಡನೇ ಡಿಕಾಕ್ಷನ್ ಹಾಕಿ, ಅದೇ ಪುಡಿ ಮೇಲೆ ಮತ್ತೆ ಬಿಸಿನೀರು ಹುಯ್ದು ಇಳಿಸಿದ ತೆಳು. ಇನ್ನೂ ನಾಲ್ಕು ದಿನಕ್ಕೆ ಅದೂ ಹೋಗಲಿ. ಬೆಳಗಿನ ಲೋಟ ಉಳಿಯಲಿ, ಆದರೆ ಸಣ್ಣ ಲೋಟ ಆಗಲಿ, ಪುಡಿ 5 ಗ್ರಾಂ ಇಳಿಯಲಿ. ಮನೆಗೆಲ್ಲ ಒಂದೇ ಫಿಲ್ಟರ್ ಆದರೆ ಪುಡಿಯನ್ನೇ ಬದಲಾಯಿಸುವುದು ಸುಲಭ: ಅರೇಬಿಕಾ ಬೆರೆಸಿ, ಶೇ. 30 ಚಿಕೋರಿ ಹಾಕಿಸಿ. ಅಂಗಡಿ ಪುಡಿ ತಂದರೆ ಚಿಕೋರಿ ಶೇಕಡಾ ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತೆ, ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ.

ಕಾಫಿ ಬಿಡಿಸಿ ಟೀ ಕೊಟ್ಟರೆ ಕೆಫೀನ್ ತಪ್ಪಲಿಲ್ಲ, ಲೋಟಕ್ಕೆ ಮೂವತ್ತು ನಲವತ್ತಾದರೂ ಇರುತ್ತೆ. ಬಸ್‌ಸ್ಟ್ಯಾಂಡ್ ಅಂಗಡಿಯ 250 ಮಿಲಿಯ ಎನರ್ಜಿ ಡ್ರಿಂಕ್ ಡಬ್ಬಿಯಲ್ಲಿ 75ರ ಸುತ್ತ, ಮೇಲೆ ಐದಾರು ಚಮಚದ ಸಕ್ಕರೆ. ಸಂಜೆಗೆ ನಮ್ಮ ಕಷಾಯವೇ ಸರಿ. 100 ಗ್ರಾಂ ಕೊತ್ತಂಬರಿ ಬೀಜ, 50 ಗ್ರಾಂ ಜೀರಿಗೆ, 10 ಗ್ರಾಂ ಕಾಳುಮೆಣಸು, ಒಂದು ಚಮಚ ಮೆಂತ್ಯ, ನಾಲ್ಕು ಏಲಕ್ಕಿ. ಬೇರೆ ಬೇರೆಯಾಗಿ ಹುರಿದು ತರಿಯಾಗಿ ಪುಡಿ ಮಾಡಿ. ಲೋಟಕ್ಕೆ ಒಂದು ಚಮಚ, ಬೆಲ್ಲ ಹಾಕಿ ಕುದಿಸಿ ಹಾಲು ಬೆರೆಸಿ. ಮೆಂತ್ಯ ಕಪ್ಪಾಗುವಷ್ಟು ಹುರಿದರೆ ಕಹಿ, ಆಮೇಲೆ ಹುಡುಗ ಮುಟ್ಟಲ್ಲ.

ಬೇಲೂರು ಅಜ್ಜ

ಎಲ್ಲಾ ಸರಿ ಮೇಷ್ಟ್ರೇ, ಆದರೆ ಐದು ಗಂಟೆ ಓದಿಗೆ ಸಮ ಯಾವುದೂ ಇಲ್ಲ. ಗಲಾಟೆ ಇಲ್ಲ, ಫೋನ್ ಬರಲ್ಲ, ತಲೆ ತಿಳಿಯಾಗಿರುತ್ತೆ. ಎಷ್ಟೋ ಶಾಲೆಗಳಲ್ಲಿ ಮೇಷ್ಟ್ರುಗಳೇ ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುತ್ತಾರೆ. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದದ್ದು ನಮ್ಮ ಹಾಸನ ಜಿಲ್ಲೆ. ಸುಮ್ಮನೆ ಬಂತಾ?

ಹಾಸನದ ಮೇಷ್ಟ್ರು

ಅಜ್ಜಾ, ಐದಕ್ಕೆ ಏಳುವುದು ತಪ್ಪು ಅಂತ ನಾನು ಹೇಳಿಲ್ಲ. ಐದಕ್ಕೆ ಏಳಬೇಕಾದರೆ ಒಂಬತ್ತಕ್ಕೆ ಮಲಗಬೇಕು. ಈ ಹುಡುಗ ಮನೆ ಮುಟ್ಟುವುದೇ ಐದೂವರೆಗೆ. ಉಳಿದ ಮೂರೂವರೆ ಗಂಟೆಯಲ್ಲಿ ಸ್ನಾನ, ಊಟ, ಹೋಂವರ್ಕ್ ಎಲ್ಲಾ ಮುಗಿದು ನಿದ್ದೆಯೂ ಬರಬೇಕು. ಬರಲ್ಲ. ಹಿಂದಿನವರು ಕೋಳಿ ಕೂಗುವಾಗ ಏಳುತ್ತಿದ್ದರು ಅನ್ನುತ್ತೇವೆ, ಸೀಮೆಎಣ್ಣೆ ಉಳಿಸಲು ಎಂಟೂವರೆಗೆ ದೀಪ ಆರಿಸುತ್ತಿದ್ದರು ಅನ್ನುವುದನ್ನು ಮರೆಯುತ್ತೇವೆ.

ಹನ್ನೆರಡೂವರೆಗೆ ಮಲಗಿ ಐದಕ್ಕೆ ಎದ್ದರೆ ನಾಲ್ಕೂವರೆ ಗಂಟೆ. ಹಗಲು ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲೇ. ನಿದ್ದೆ ಕತ್ತರಿಸಿ ಓದಿಸಿದರೆ ಒಂದು ಕೈಯಲ್ಲಿ ತುಂಬಿಸಿ ಇನ್ನೊಂದು ಕೈಯಲ್ಲಿ ಚೆಲ್ಲಿದ ಹಾಗೆ. ಜಿಲ್ಲೆಯ ಫಲಿತಾಂಶವನ್ನು ಒಂದು ಅಲಾರಂ ಲೆಕ್ಕಕ್ಕೆ ಹಾಕಲು ನಾನಂತೂ ಒಪ್ಪಲ್ಲ.

ಈ ಹುಡುಗನ ಓದಿನ ಹೊತ್ತು ಹೀಗೆ ಕೂರುತ್ತೆ ನೋಡಿ. 5:30ರಿಂದ 6:15 ತಿನ್ನುವುದು, ಸ್ನಾನ. 6:15ರಿಂದ 7 ಗಣಿತ ಅಥವಾ ವಿಜ್ಞಾನ, ಕೈಯಲ್ಲಿ ಪೆನ್ನು ಹಿಡಿದು ಲೆಕ್ಕ ಮಾಡುವಂಥದ್ದು, ಏಕೆಂದರೆ ತೂಕಡಿಕೆ ಬರುವ ಹೊತ್ತಿನಲ್ಲಿ ಸಮಾಜ ಹಿಡಿದರೆ ಪುಸ್ತಕದ ಮೇಲೇ ತಲೆ ಇಡುತ್ತಾನೆ. ಹತ್ತು ನಿಮಿಷ ಬಿಟ್ಟು 7:10ರಿಂದ 8 ಎರಡನೇ ವಿಷಯ. ಎಂಟಕ್ಕೆ ಊಟ, ಒಂಬತ್ತೂಕಾಲಕ್ಕಲ್ಲ. 8:30ರಿಂದ 9:20 ಬಾಯಿಪಾಠ: ಪದ್ಯ, ಇಸವಿ, ಸೂತ್ರ, ವ್ಯಾಖ್ಯೆ. ಒಟ್ಟು 145 ನಿಮಿಷ. ಈಗ ಅವನು ಸರಿಯಾಗಿ ಓದುತ್ತಿರುವುದು 90 ನಿಮಿಷ, ಹತ್ತರ ಮೇಲಿನದ್ದನ್ನು ಓದು ಅಂತ ನಾನು ಲೆಕ್ಕ ಹಿಡಿಯಲ್ಲ. 9:20ಕ್ಕೆ ಬ್ಯಾಗು, ಯೂನಿಫಾರ್ಮು, ಸಾಕ್ಸು ತೆಗೆದಿಟ್ಟು 9:45ಕ್ಕೆ ಹಾಸಿಗೆ. ನೋಟ್ಸ್ ಬರೆಯುವುದು ಬಾಕಿ ಇದ್ದರೆ ಭಾನುವಾರಕ್ಕೆ ತಳ್ಳಿ.

ಸಕಲೇಶಪುರ ನೆಟ್‌ವರ್ಕ್

ಫೋನಿನ ವಿಷಯ. ಪೂರ್ತಿ ಕಿತ್ತುಕೊಳ್ಳಬೇಡಿ. ಎರಡು ದಿನದಲ್ಲಿ ನೋಟ್ಸ್ ಬೇಕು ಅಂತ ವಾಪಸ್ ಕೊಡಬೇಕಾಗುತ್ತೆ, ಕೊಟ್ಟ ಮೇಲೆ ನಿಮ್ಮ ಮಾತಿಗೆ ತೂಕ ಇರಲ್ಲ. ಕ್ಲಾಸ್ ಗ್ರೂಪಿಗೆ ನಿಮ್ಮ ನಂಬರನ್ನೂ ಸೇರಿಸಿ ಅಂತ ಶಾಲೆಗೆ ಹೇಳಿ. ನೋಟ್ಸ್ ಸಂಜೆ ಏಳರೊಳಗೆ ಡೌನ್‌ಲೋಡ್ ಆಗಿ ಪುಸ್ತಕಕ್ಕೆ ಇಳಿಯಲಿ, ಉದ್ದ ಇದ್ದರೆ ಪಟ್ಟಣದಲ್ಲಿ ವಾರಕ್ಕೊಮ್ಮೆ ಪ್ರಿಂಟ್ ಹಾಕಿಸಿ.

ರಾತ್ರಿ 9:20ಕ್ಕೆ ಫೋನ್ ಮನೆಯ ಹಾಲ್‌ನಲ್ಲಿ ಚಾರ್ಜಿಗೆ. ಅವನದ್ದು ಮಾತ್ರ ಅಲ್ಲ, ಅಪ್ಪಂದೂ ನಿಮ್ಮದೂ ಅಲ್ಲೇ. ಚಾರ್ಜರ್ ರೂಮಿನಲ್ಲಿ ಉಳಿದರೆ ಫೋನ್ ಹಿಂದೆಯೇ ಹೋಗುತ್ತೆ, ಆದ್ದರಿಂದ ರೂಮಿನ ಚಾರ್ಜರ್ ಎತ್ತಿಬಿಡಿ. ಅಲಾರಂ ಬೇಕಲ್ಲ ಅನ್ನುವುದು ಮೊದಲ ನೆಪ. ಸೆಲ್ ಹಾಕುವ ಟೇಬಲ್ ಗಡಿಯಾರ ತಂದು ಮಂಚದಿಂದ ಕೈಗೆಟುಕದ ಜಾಗದಲ್ಲಿಡಿ.

ಬೀಗ ಹಾಕಲೇಬೇಕು ಅಂದರೆ ಆಂಡ್ರಾಯ್ಡ್‌ನಲ್ಲಿ ಫ್ಯಾಮಿಲಿ ಲಿಂಕ್ ಅನ್ನುವ ಗೂಗಲ್ ಆ್ಯಪ್ ಇದೆ: ರಾತ್ರಿ ಇಂತಿಷ್ಟು ಹೊತ್ತಿಗೆ ಫೋನ್ ಲಾಕ್, ಒಂದೊಂದು ಆ್ಯಪಿಗೆ ಇಂತಿಷ್ಟು ನಿಮಿಷ ಅಂತ ಇಡಬಹುದು. ತೂತುಗಳು ಇವು. ಯೂಟ್ಯೂಬ್ ಆ್ಯಪಿಗೆ ಮಿತಿ ಹಾಕಿ ಕ್ರೋಮ್ ಬಿಟ್ಟರೆ ಅಲ್ಲಿ ತೆರೆಯುತ್ತಾನೆ. ಮನೆಯ ಹಳೇ ಫೋನ್ ಕಪಾಟಿನಲ್ಲಿದ್ದರೆ ವೈಫೈಗೆ ಅದು ಸಾಕು. ರೂಟರಿನಲ್ಲೇ ಹೊತ್ತು ಕಟ್ಟಬಹುದು: ರೂಟರ್ ಅಡಿಯಲ್ಲಿ ಅಂಟಿಸಿರುವ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ, ಪೇರೆಂಟಲ್ ಕಂಟ್ರೋಲ್‌ಗೆ ಹೋಗಿ, ಆ ಫೋನಿನ ಮ್ಯಾಕ್ ಅಡ್ರೆಸ್ (ರೂಟರ್ ಫೋನನ್ನು ಗುರುತು ಹಿಡಿಯುವ ನಂಬರು) ಆರಿಸಿ 9:30ರಿಂದ 6ರ ತನಕ ಬಂದ್ ಮಾಡಿ. ಇಲ್ಲಿ ಬಹಳ ಜನ ಎಡವುತ್ತಾರೆ. ಆಂಡ್ರಾಯ್ಡ್ 10ರಿಂದ ಈಚಿನ ಫೋನುಗಳು ವೈಫೈಗೆ ಸುಳ್ಳು ಮ್ಯಾಕ್ ತೋರಿಸುತ್ತವೆ, ಹುಡುಗ ನೆಟ್‌ವರ್ಕ್ ಮರೆಸಿ ಮತ್ತೆ ಸೇರಿಸಿಕೊಂಡರೆ ಅದು ಬದಲಾಗಲೂಬಹುದು. ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಪ್ರೈವಸಿಗೆ ಹೋಗಿ ಡಿವೈಸ್ ಮ್ಯಾಕ್ ಅಂತ ಇಟ್ಟರೆ ಮಾತ್ರ ಈ ಬೀಗ ನಿಲ್ಲುತ್ತೆ. ಸಿಮ್‌ಗೆ ಡೇಟಾ ಇದ್ದರೆ ಇಷ್ಟೆಲ್ಲಾ ಮಾಡಿದ್ದು ನೀರಲ್ಲಿ ಹೋಮ. ಅವನ ಸಿಮ್‌ಗೆ ಬರೀ ಕಾಲ್ ಪ್ಯಾಕ್ ಹಾಕಿಸಿ.

ಇಷ್ಟು ಹೇಳಿದ ಮೇಲೂ ನನ್ನ ಮತ ಹಾಲಿನ ಚಾರ್ಜರಿಗೇ. ತಂತ್ರಜ್ಞಾನದಲ್ಲಿ 15ರ ಹುಡುಗನನ್ನು ಸೋಲಿಸಲು ಹೊರಡುವುದು ಬುದ್ಧಿವಂತರ ಕೆಲಸ ಅಲ್ಲ.

ಆಲೂರು ಸಿಸ್ಟರ್

ಮೂರು ವಾರ ಇದೆಲ್ಲಾ ಸರಿಯಾಗಿ ನಡೆದ ಮೇಲೂ ಹಗಲಿಡೀ ಸುಸ್ತು ಅಂದರೆ ರಕ್ತ ಪರೀಕ್ಷೆ ಮಾಡಿಸಿ. ಗಂಡುಹುಡುಗರಿಗೆ ರಕ್ತ ಕಡಿಮೆ ಇರಲ್ಲ ಅನ್ನುವುದು ತಪ್ಪು ನಂಬಿಕೆ. 15 ತುಂಬಿದ ಹುಡುಗನಿಗೆ ಹಿಮೋಗ್ಲೋಬಿನ್ 13ಕ್ಕಿಂತ ಕೆಳಗಿದ್ದರೆ, ಹುಡುಗಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಹುಡುಗ ಹುಡುಗಿ ಇಬ್ಬರಿಗೂ ಕೊಡುವ ಕಾರ್ಯಕ್ರಮ ಇದೆ, 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಹುಡುಗರು ಜೇಬಿಗೆ ಹಾಕಿಕೊಂಡು ಎಸೆಯುವುದೇ ಹೆಚ್ಚು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತೆ, ಊಟವಾದ ಮೇಲೆ ತಗೊಳ್ಳಲಿ. ಮಲ ಕಪ್ಪಾಗುತ್ತೆ, ಹೆದರುವುದು ಬೇಡ.

ಕಾಫಿಗೂ ಇದಕ್ಕೂ ಸಂಬಂಧ ಇದೆ. ಸೊಪ್ಪು, ಕಾಳು, ರಾಗಿಯ ಕಬ್ಬಿಣವನ್ನು ಕಾಫಿ ಟೀ ಒಳಗೆ ಹೋಗಲು ಬಿಡಲ್ಲ. ತಿಂಡಿ ಜೊತೆಗೇ ಕಾಫಿ ಬೇಡ, ಒಂದು ಗಂಟೆ ಅಂತರ ಇರಲಿ. ಹುರುಳಿಕಟ್ಟಿನ ಸಾರಿಗೆ, ಮೊಳಕೆಕಾಳಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಹೆಚ್ಚು ಹತ್ತುತ್ತೆ.

ಇನ್ನೊಂದು: ದಿನಾ ಜೋರಾಗಿ ಗೊರಕೆ, ಬಾಯಿ ತೆರೆದು ಉಸಿರಾಡುವುದು, ನಡುವೆ ಉಸಿರು ನಿಂತ ಹಾಗಾಗುವುದು ಇದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ. ಎಷ್ಟು ಹೊತ್ತು ಮಲಗಿದರೂ ಆ ನಿದ್ದೆ ಮೈಗೆ ಹತ್ತಲ್ಲ.

ನಿದ್ದೆ ಕೆಟ್ಟದ್ದರ ಜೊತೆಗೆ ಎರಡು ವಾರಕ್ಕಿಂತ ಹೆಚ್ಚು ದಿನ ಮಂಕಾಗಿದ್ದಾನೆ, ಆಟ ಗೆಳೆಯರು ಯಾರೂ ಬೇಡ ಅನ್ನುತ್ತಾನೆ, ಊಟ ಬಿಟ್ಟಿದ್ದಾನೆ, ಇದ್ದು ಏನು ಪ್ರಯೋಜನ ಅನ್ನುವ ಥರ ಮಾತಾಡುತ್ತಾನೆ ಅಂದರೆ ಅದು ಟೈಮ್ ಟೇಬಲ್‌ನಿಂದ ಸರಿಹೋಗುವ ವಿಷಯವಲ್ಲ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ, ಸಮಾಧಾನವಾಗಿ ಕೇಳಿ; ಕೇಳಿದ್ದರಿಂದ ಆ ಯೋಚನೆ ತಲೆಗೆ ಹೊಗುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲೂ ರಾತ್ರಿಯೂ ಫೋನ್ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ಬಗ್ಗೆಯೂ ವಿಚಾರಿಸಿ. ತೋಟದ ಮನೆಯವರಿಗೆ ಒಂದು ಮಾತು, ಇದು ಮಕ್ಕಳಿರುವ ಎಲ್ಲರಿಗೂ ಸೇರಿಸಿ: ಕಳೆನಾಶಕ, ಕೀಟನಾಶಕ ಇರುವ ಕೋಣೆಗೆ ಬೀಗ ಹಾಕಿ ಕೀಲಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಬಣಕಲ್ ಅಮ್ಮ

ಎಲ್ಲರಿಗೂ ಧನ್ಯವಾದ. ಸಿಸ್ಟರ್ ಹೇಳಿದಂಥ ಮಂಕು ಇಲ್ಲ, ಗೆಳೆಯರ ಜೊತೆ ಕ್ರಿಕೆಟ್ಟು, ಹೊಟ್ಟೆ ತುಂಬಾ ಊಟ ಎಲ್ಲಾ ಇದೆ. ಕಷ್ಟ ಆಗುವುದು ಸಂಜೆಯ ನಿದ್ದೆ ಬಿಡಿಸುವುದು. ಬರುವಾಗಲೇ ಹಸಿದು ಕೆರಳಿರುತ್ತಾನೆ. ಮಳೆಗಾಲದಲ್ಲಿ ಹೊರಗೆ ಆಡಲು ಕಳಿಸುವ ಹಾಗೂ ಇಲ್ಲ. ಬಸ್ಸು ತಪ್ಪಿದರೆ ಅವರಪ್ಪ ಬೈಕಿನಲ್ಲಿ ಬಿಟ್ಟು ಬರುತ್ತಾರೆ, ಅದು ಅವನಿಗೂ ಗೊತ್ತು.

ಆಲೂರು ಸಿಸ್ಟರ್

ತಿಂಡಿ ಬಿಟ್ಟು ಹೋದವನು ಮಧ್ಯಾಹ್ನದ ಊಟದ ಮೇಲೆ ಐದೂವರೆ ತನಕ ದೂಡುತ್ತಾನೆ. ಸಂಜೆಯ ಆ ನಿದ್ದೆಯಲ್ಲಿ ಅರ್ಧ ಹಸಿವಿನ ಸುಸ್ತೇ ಇರುತ್ತೆ. ಬಾಗಿಲಿಗೆ ಬಂದ ಹತ್ತು ನಿಮಿಷದಲ್ಲಿ ಗಟ್ಟಿಯಾದದ್ದು ಹೊಟ್ಟೆಗೆ ಬೀಳಬೇಕು: ಎರಡು ಅಕ್ಕಿ ರೊಟ್ಟಿ ಮತ್ತು ಬೇಯಿಸಿದ ಮೊಟ್ಟೆ, ಅಥವಾ ಶೇಂಗಾ ಹಾಕಿದ ಅವಲಕ್ಕಿ, ಅಥವಾ ಬೆಳಗ್ಗೆ ಉಳಿದ ಕಡುಬು ಒಗ್ಗರಣೆ. ಬೋಂಡ, ಬಜ್ಜಿ, ಬನ್ನು ಬೇಡ, ತಿಂದ ಮೇಲೆ ಮೈ ಭಾರವಾಗುತ್ತೆ. ತಿಂದ ಕೂಡಲೇ ಹಂಡೆ ನೀರಿನ ಸ್ನಾನ. ರೂಮಿಗೆ ಹೋದರೆ ಮಂಚ ಕಾಣುತ್ತೆ, ಆದ್ದರಿಂದ ಬಟ್ಟೆ ಬಚ್ಚಲಮನೆಯಲ್ಲೇ ಇಟ್ಟಿರಿ. ಓದಲು ಕೂರುವುದೂ ಹಾಲಿನ ಮೇಜಿನಲ್ಲಿ, ಮಂಚದ ಮೇಲೆ ಅಲ್ಲ. ತಡೆಯಲಾಗದ ದಿನ ಕುರ್ಚಿಯಲ್ಲಿ ಕೂತು 20 ನಿಮಿಷ ಕಣ್ಣು ಮುಚ್ಚಲಿ, ಆರು ಗಂಟೆಯೊಳಗೆ ಮುಗಿಯಬೇಕು. ಅರ್ಧ ಗಂಟೆ ದಾಟಿದರೆ ಗಾಢ ನಿದ್ದೆಗೆ ಇಳಿಯುತ್ತಾನೆ, ಎಬ್ಬಿಸಿದರೆ ರಂಪ.

ಹಾಸನದ ಮೇಷ್ಟ್ರು

ಮಳೆಗಾಲದಲ್ಲಿ ಕಾಫಿ ಕಣಕ್ಕೆ ಹೊಂದಿಕೊಂಡಿರುವ ಶೆಡ್ ಖಾಲಿ ಇರುತ್ತಲ್ಲ, ಅಲ್ಲಿ ಶಟಲ್ ಆಡಬಹುದು, ಹಗ್ಗ ಜಿಗಿಯಬಹುದು. 15 ನಿಮಿಷ ಸಾಕು.

ಬೈಕಿನ ವಿಷಯ ಯಜಮಾನರ ಜೊತೆ ಇಬ್ಬರೇ ಇದ್ದಾಗ ಮಾತಾಡಿ, ಹುಡುಗನ ಮುಂದೆ ಬೇಡ. ಬಸ್ಸು ತಪ್ಪಿದರೆ ಮುಂದಿನ ಬಸ್ಸು, ಸ್ಪೆಷಲ್ ಕ್ಲಾಸ್ ತಪ್ಪಿದ್ದಕ್ಕೆ ಉತ್ತರ ಅವನೇ ಕೊಡಲಿ. ಪರೀಕ್ಷೆ ಇರುವ ದಿನ ಮಾತ್ರ ಈ ನಿಯಮ ಬೇಡ. ಇದನ್ನು ಬಸ್ಸು ತಪ್ಪಿದ ಬೆಳಗ್ಗೆ ಘೋಷಿಸಿದರೆ ಸೇಡು ಅಂತ ಅನ್ನಿಸುತ್ತೆ, ಮೊದಲೇ ತಿಳಿಸಿ. ಮಾತಾಡುವಾಗ ನೀವು ಬರೆದಿಟ್ಟ ಗಡಿಯಾರದ ಚೀಟಿಯನ್ನೇ ಅವನ ಮುಂದಿಡಿ. 'ನೀನು ಹೀಗೆ ಮಾಡ್ತೀಯ' ಅನ್ನಬೇಡಿ, 'ಇದರಲ್ಲಿ ಸಂಜೆ ನಿದ್ದೆ, ಕಾಫಿ, ಫೋನು ಮೂರಿದೆ. ಸಂಜೆ ನಿದ್ದೆ ಮೊದಲು ಹೋಗಲಿ, ಉಳಿದ ಎರಡರಲ್ಲಿ ಯಾವುದು ಮೊದಲು ನೀನೇ ಹೇಳು' ಅಂತ ಕೇಳಿ. ಯಾವುದು ಹೇಳಿದರೂ ಒಪ್ಪಿಕೊಳ್ಳಿ.

ತಿಂಡಿಗೆ ಈಗ ಸಿಗುತ್ತಿರುವುದು 35 ನಿಮಿಷ, ಅದರಲ್ಲೇ ಬಚ್ಚಲು, ಸಾಕ್ಸ್ ಹುಡುಕಾಟ ಎಲ್ಲಾ. 6:15ಕ್ಕೆ ಎದ್ದರೆ 70 ನಿಮಿಷ. ಸ್ನಾನ ಸಂಜೆಗೆ ಹೋದರೆ ಇನ್ನೂ ಹತ್ತು ನಿಮಿಷ ಉಳಿತಾಯ. ಮಳೆಗಾಲಕ್ಕೆ ಯೂನಿಫಾರ್ಮ್ ಎರಡು ಜೊತೆ ಸಾಲಲ್ಲ, ಮೂರು ಬೇಕು. ಒದ್ದೆ ಶೂ ಒಳಗೆ ರಾತ್ರಿ ಹಳೇ ಪೇಪರ್ ತುರುಕಿ, ಮಲಗುವ ಮುಂಚೆ ಒಮ್ಮೆ ಪೇಪರ್ ಬದಲಾಯಿಸಿ. ಒಲೆಗೆ ತೀರಾ ಹತ್ತಿರ ಇಟ್ಟರೆ ಅಂಟು ಬಿಡುತ್ತೆ.

ಬಣಕಲ್ ಅಮ್ಮ

ಕೊನೆಯ ಪ್ರಶ್ನೆ. ನಾಡಿದ್ದು ಶನಿವಾರ. ಅವತ್ತೇ ಶುರು ಮಾಡಲಾ, ಸೋಮವಾರದ ತನಕ ಕಾಯಲಾ?

ಹಾಸನದ ಮೇಷ್ಟ್ರು

ಶನಿವಾರವೇ. ಅವತ್ತು ಬೆಳಗಿನ ಶಾಲೆ, ಹೇಗೂ ಬೇಗ ಏಳಬೇಕು. ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿದ ಮೇಲೆ ಅರ್ಧ ಗಂಟೆ ಮಲಗಲಿ, ಮೂರರೊಳಗೆ ಎದ್ದರೆ ರಾತ್ರಿಗೆ ಅಡ್ಡಿಯಿಲ್ಲ. ಭಾನುವಾರ 7:15. ಬಾಡೂಟ ಆದ ಮೇಲೆ ಇಡೀ ಮನೆ ಮಲಗುವುದಿದ್ದರೆ ಅವನಿಗೂ ಅದೇ ಅರ್ಧ ಗಂಟೆಯ ನಿಯಮ, ಎಬ್ಬಿಸಲು ಒಬ್ಬರು ಎಚ್ಚರ ಇರಬೇಕು. ಸೋಮವಾರಕ್ಕೆ ಮೂರನೇ ದಿನ ಬಂದಿರುತ್ತೆ, ಅವತ್ತು ಅವನ ಇಷ್ಟದ ತಿಂಡಿ ಮಾಡಿಡಿ. ಟೇಬಲ್ ಗಡಿಯಾರ ನಾಳೆಯೇ ತನ್ನಿ, ಸೆಲ್ ಜೊತೆಗೆ ಬರಲ್ಲ, ಬೇರೆ ಕೊಳ್ಳಬೇಕು.